ಊರಿನ ರೈಲು ಹತ್ತಿಸುವ ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ

ಮಾನ್ಯ ಸಂಪಾದಕರೇ,

ಮುಂಬಯಿಯ ನಮ್ಮ ಹೋಟೆಲು, ಕ್ಯಾಂಟೀನುಗಳಲ್ಲಿ ಒಬ್ಬ ಹುಡುಗ ಮಾತು ಬಿಟ್ಟು ಮೂಲೆ ಹಿಡಿದರೆ, ರಾತ್ರಿಯಿಡೀ ತನ್ನಷ್ಟಕ್ಕೆ ಗೊಣಗತೊಡಗಿದರೆ, ಅನ್ನದಲ್ಲಿ ಯಾರೋ ಏನೋ ಬೆರೆಸಿದ್ದಾರೆಂದು ತಟ್ಟೆ ದೂಡಿದರೆ, ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: ‘ಊರಿಗೆ ಕಳಿಸಿಬಿಡಿ.’ ಬಾಕಿ ಸಂಬಳ ಕೈಗಿಟ್ಟು, ಜೊತೆಗೊಬ್ಬನನ್ನು ಕೊಟ್ಟು ಕುರ್ಲಾದಲ್ಲಿ ಮತ್ಸ್ಯಗಂಧ ರೈಲು ಹತ್ತಿಸುತ್ತಾರೆ. ಕಳಿಸುವವರ ಮನಸ್ಸಿನಲ್ಲಿ ಕೆಡುಕಿಲ್ಲ. ಅಮ್ಮನ ಕೈಯೂಟ, ಊರಿನ ಗಾಳಿ ಸಿಕ್ಕರೆ ಸರಿಹೋದಾನು ಎಂಬ ನಂಬಿಕೆ. ಆದರೂ ಮಾನಸಿಕ ಕಾಯಿಲೆಯ ವಿಷಯದಲ್ಲಿ ನಮ್ಮ ಸಮಾಜ ಮಾಡುತ್ತಿರುವ ಅತಿ ದೊಡ್ಡ ತಪ್ಪು ಈ ಟಿಕೆಟ್ಟೇ ಎಂದು ಹೇಳಬೇಕಾಗಿದೆ.

ಕುಡಿತದ ಚಟ ಇದ್ದವರಿಗಂತೂ ಇದು ಜೀವಕ್ಕೇ ಎರವಾಗಬಹುದು. ವರ್ಷಗಟ್ಟಲೆ ದಿನವೂ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಆರೆಂಟು ಗಂಟೆಯಲ್ಲಿ ಕೈನಡುಕ, ಬೆವರು ಶುರುವಾಗುತ್ತದೆ. 12ರಿಂದ 48 ಗಂಟೆಗಳ ನಡುವೆ ಫಿಟ್ಸ್ ಬರಬಹುದು. 48ರಿಂದ 96 ಗಂಟೆಗಳ ಹೊತ್ತಿಗೆ ಕೆಲವರಿಗೆ ದಿಕ್ಕು ತೋಚದಂತಾಗಿ, ಇಲ್ಲದ ಹುಳ, ಹಾವು, ಜನ ಕಣ್ಣಿಗೆ ಕಾಣುತ್ತವೆ. ಪ್ರಯಾಣದ ಲೆಕ್ಕ ಹಾಕಿ ನೋಡಿ: ಫಿಟ್ಸ್‌ನ ಹೊತ್ತು ಕೊಂಕಣದ ಸುರಂಗಗಳ ನಡುವೆ, ಭ್ರಮೆಯ ಹೊತ್ತು ಮನೆಯಂಗಳದಲ್ಲಿ. ಮುಂಬಯಿಯಿಂದ ಏನೋ ಮೆಟ್ಟಿಕೊಂಡು ಬಂದಿದೆ ಎಂದು ಊರವರಿಗೆ ಅನ್ನಿಸಿದರೆ ಆಶ್ಚರ್ಯವೇನು? ಬೇಕಾದದ್ದು ಆಸ್ಪತ್ರೆಯ ಹಾಸಿಗೆ, ದಿನದಿಂದ ದಿನಕ್ಕೆ ಪ್ರಮಾಣ ಇಳಿಸುತ್ತ ಕೊಡುವ ಶಾಮಕ ಮಾತ್ರೆ, ಥಯಾಮಿನ್ ಅಂದರೆ ಬಿ1 ಚುಚ್ಚುಮದ್ದು. ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಬಾಟಲಿ ಏರಿಸಿದರೆ ಮೆದುಳಿಗೆ ಹಾನಿಯಾಗುವ ಅಪಾಯವಿದೆ. ಆದ್ದರಿಂದ ಎಷ್ಟು ಕುಡಿಯುತ್ತಿದ್ದರು, ಕೊನೆಯ ಬಾರಿ ಕುಡಿದದ್ದು ಯಾವಾಗ ಎಂಬುದನ್ನು ನಾಚಿಕೆಪಟ್ಟು ಡಾಕ್ಟರಿಂದ ಮುಚ್ಚಿಡಬಾರದು.

ಒಂದೆರಡು ದಿನದಲ್ಲೇ ಗೊಂದಲ ಶುರುವಾಗಿ ಜೊತೆಗೆ ಜ್ವರವೂ ಇದ್ದರೆ ಅದನ್ನು ಮೊದಲು ಮೈಯ ಕಾಯಿಲೆ ಎಂದೇ ತಿಳಿದು ಕ್ಯಾಶುವಲ್ಟಿಗೆ ಓಡಬೇಕು. ಮಲೇರಿಯಾ, ಮೆದುಳಿನ ಸೋಂಕು, ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ಇಳಿಯುವುದು, ಇವೆಲ್ಲ ‘ತಲೆ ಕೆಟ್ಟಂತೆ’ ತೋರುತ್ತವೆ. ವಾರಗಟ್ಟಲೆಯಿಂದ ನಿದ್ದೆ ಕೆಟ್ಟು, ಸ್ನಾನ ಬಿಟ್ಟು, ಸಂಶಯ ಬೆಳೆಯುತ್ತ ಬಂದಿದ್ದರೆ ಮನೋವೈದ್ಯರ ಓಪಿಡಿ. ಪರೇಲಿನ ಕೆಇಎಂ, ಸಯನ್, ಮುಂಬಯಿ ಸೆಂಟ್ರಲ್‌ನ ನಾಯರ್, ಜುಹುವಿನ ಕೂಪರ್ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗವಿದೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿ. ಈವರೆಗೆ ತಿಂದ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳನ್ನೂ ಒಯ್ಯಿರಿ. ಹುಡುಗನಿಗೆ ಹಿಂದಿ, ಮರಾಠಿ ಬಾರದಿದ್ದರೆ ಮಾಲೀಕರಾಗಲಿ ಅಣ್ಣನಾಗಲಿ ದುಭಾಷಿಯಾಗಬಾರದು. ಅವರೆದುರು ಸಾಯುವ ಯೋಚನೆಯ ಮಾತು ಹೊರಬರುವುದೇ ಇಲ್ಲ. ಸಂಘದ ಒಬ್ಬ ಕಾರ್ಯಕರ್ತ ಜೊತೆಗೆ ಹೋದರೆ ಅದೇ ದೊಡ್ಡ ಸೇವೆ.

ಚಿಕಿತ್ಸೆ ಶುರುವಾದ ಮೇಲೂ ಎಡವಟ್ಟಾಗುವ ಜಾಗಗಳಿವೆ. ಖಿನ್ನತೆಯ ಮಾತ್ರೆ ಕೆಲಸ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು. ಹೊಟ್ಟೆ ತೊಳಸು, ತಲೆನೋವು ಮಾತ್ರ ಮೊದಲ ವಾರವೇ ಬರುತ್ತದೆ. ಹೀಗಾಗಿ ಹತ್ತನೇ ದಿನಕ್ಕೆ ‘ಮದ್ದು ಹಿಡಿಸುವುದಿಲ್ಲ’ ಎಂದು ಬಿಡುವವರು ಬಹಳ. ಗುಣ ಕಂಡ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸದಿದ್ದರೆ ಕಾಯಿಲೆ ಮರುಕಳಿಸಬಹುದು. ಬೈಪೋಲಾರ್‌ಗೆ, ಅಂದರೆ ಒಮ್ಮೆ ಉನ್ಮಾದ ಒಮ್ಮೆ ಖಿನ್ನತೆ ಬರುವ ಕಾಯಿಲೆಗೆ, ಲಿಥಿಯಂ ತೆಗೆದುಕೊಳ್ಳುವವರು ಭಟ್ಟಿಯ ಮುಂದೆ ನಿಂತು ಬೆವರಿ ನೀರು, ಉಪ್ಪು ಕಳೆದುಕೊಂಡರೆ ರಕ್ತದಲ್ಲಿ ಮದ್ದಿನ ಮಟ್ಟ ಏರುತ್ತದೆ. ವಾಂತಿ, ಭೇದಿ, ಮೈಕೈ ನೋವಿಗೆ ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್‌ಗಳಿಂದಲೂ ಹಾಗೇ. ಕೈ ಜೋರಾಗಿ ನಡುಗಿ, ನಡಿಗೆ ತೂರಾಡಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಲಿಥಿಯಂ ತಿನ್ನುವವರನ್ನು ಭಟ್ಟಿಯಿಂದ ತೆಗೆದು ಕೌಂಟರ್‌ಗೋ ಸ್ಟೋರಿಗೋ ಹಾಕುವುದು ಮಾಲೀಕರ ಕೈಯಲ್ಲಿದೆ. ನಿದ್ದೆಯೂ ಅವರ ಕೈಯಲ್ಲೇ ಇದೆ. ರಾತ್ರಿ ಒಂದಕ್ಕೆ ಶಟರ್ ಎಳೆದು ಐದಕ್ಕೆ ಇಡ್ಲಿ ಇಡುವ ಕೆಲಸಕ್ಕೆ ಬೈಪೋಲಾರ್ ಇರುವವರನ್ನು ಹಾಕಿದರೆ ಯಾವ ಮಾತ್ರೆಯೂ ಕಾಪಾಡದು. ನಿದ್ದೆಗೆಡುವುದೇ ಉನ್ಮಾದವನ್ನು ಕೆರಳಿಸುತ್ತದೆ. ಹಗಲು ಪಾಳಿ, ಏಳೆಂಟು ಗಂಟೆ ನಿದ್ದೆ ಕೊಟ್ಟರೆ ಅವರಲ್ಲಿ ಎಷ್ಟೋ ಮಂದಿ ಅದೇ ಹೋಟೆಲಿನಲ್ಲಿ ದುಡಿಯಬಲ್ಲರು.

ಊರಿಗೆ ಹೋಗಲೇಬೇಕೆಂದರೆ ಹೋಗಲಿ, ಚಿಕಿತ್ಸೆ ಶುರುವಾದ ಮೇಲೆ. ಒಂದು ತಿಂಗಳ ಮಾತ್ರೆ, ಕೇಸ್ ಪೇಪರಿನ ಜೆರಾಕ್ಸ್, ಕಾಯಿಲೆಯ ಹೆಸರು ಮತ್ತು ಡೋಸ್ ಬರೆದ ಡಾಕ್ಟರ ಚೀಟಿ ಜೊತೆಗಿರಲಿ. ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿ. ಹಳ್ಳಿಯಲ್ಲೇ ಈ ಚಿಕಿತ್ಸೆ ಕೊಡಬಹುದೆಂದು ನಿಮ್ಹಾನ್ಸ್ 1980ರ ದಶಕದಲ್ಲಿ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. ದೈವಕ್ಕೆ ಹರಕೆ, ದರ್ಶನ, ಪ್ರಸಾದ ಯಾವುದನ್ನೂ ಬಿಡಬೇಕಾಗಿಲ್ಲ. ಮದ್ದು ನಿಲ್ಲಿಸಿ ಎನ್ನುವವರ, ಉಪವಾಸ ಕೆಡಹುವವರ, ಕಟ್ಟಿಹಾಕುವವರ ಮಾತು ಮಾತ್ರ ಕೇಳಬಾರದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಕಟ್ಟಿಹಾಕಿದ್ದ ಆಶ್ರಮಕ್ಕೆ ಬೆಂಕಿ ಬಿದ್ದಾಗ 28 ಮಂದಿ ಸತ್ತದ್ದು ಸರಪಳಿಯಿಂದ ಬಿಡಿಸಿಕೊಳ್ಳಲಾಗದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯನ್ನು ನಿಷೇಧಿಸಿದೆ.

ಮದುವೆಯ ಮಾತನ್ನೂ ಆಡಲೇಬೇಕು. ‘ಒಂದು ಮದುವೆ ಮಾಡಿದರೆ ಸರಿಹೋಗುತ್ತದೆ’ ಎಂದು ಕಾಯಿಲೆ ಮುಚ್ಚಿಟ್ಟು ಮಾಡಿದ ಮದುವೆಗಳಲ್ಲಿ ಹೆಣ್ಣುಮಕ್ಕಳು ಅತ್ತೆಮನೆಗೆ ಗೊತ್ತಾಗದಿರಲಿ ಎಂದು ಮಾತ್ರೆಯನ್ನೇ ಬಿಡುತ್ತಾರೆ. ಕೆಲವು ತಿಂಗಳಲ್ಲಿ, ಇಲ್ಲವೇ ಹೆರಿಗೆಯ ನಂತರದ ವಾರಗಳಲ್ಲಿ ಕಾಯಿಲೆ ಎರಡರಷ್ಟಾಗಿ ಬರುತ್ತದೆ. ಮಾತ್ರೆ ಮುಂದುವರಿಸಿದರೂ ವಾಲ್‌ಪ್ರೊಯೇಟ್‌ನಂಥದ್ದು ಹೊಟ್ಟೆಯ ಮಗುವಿಗೆ ಹಾನಿ ಮಾಡುವುದರಿಂದ ಗರ್ಭಕ್ಕೆ ಮೊದಲೇ ಡಾಕ್ಟರ ಜೊತೆ ಮಾತಾಡಿ ಮದ್ದು ಬದಲಿಸಬೇಕು. ಎರಡೂ ಮನೆಯವರಿಗೆ ತಿಳಿದಿದ್ದರೆ ಮಾತ್ರ ಇದು ಸಾಧ್ಯ.

ನಮ್ಮ ಸಂಘಗಳ ಶಿಬಿರಗಳಲ್ಲಿ ಕಣ್ಣು, ಬಿಪಿ, ಶುಗರ್, ಹಲ್ಲು ಎಲ್ಲಕ್ಕೂ ಮೇಜು ಇರುತ್ತದೆ. ಇದಕ್ಕೂ ಒಂದಿರಲಿ, ‘ನಿದ್ದೆ ಮತ್ತು ಚಿಂತೆ’ ಎಂಬ ಬೋರ್ಡಿನಡಿ, ಪರದೆಯ ಹಿಂದೆ, ಕನ್ನಡ ಅಥವಾ ತುಳು ಬಲ್ಲವರೊಂದಿಗೆ. ಕಳೆದ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆ ಕೇಳಿ ಖಿನ್ನತೆಯನ್ನು ಅಳೆಯುವ ಪಿಎಚ್‌ಕ್ಯೂ-9 ಪಟ್ಟಿ ಐದೇ ನಿಮಿಷದ ಕೆಲಸ. 27ರಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದವರನ್ನು ಓಪಿಡಿಗೆ ಕಳಿಸಬೇಕು. ಒಂಬತ್ತನೆಯದು ಸಾವಿನ ಯೋಚನೆಯ ಪ್ರಶ್ನೆ. ಅದಕ್ಕೆ ‘ಹೌದು’ ಬಂದರೆ ಒಟ್ಟು ಅಂಕ ಎಷ್ಟೇ ಇರಲಿ, ಅಂದೇ ವೈದ್ಯರು ಮಾತಾಡಿಸಬೇಕು. ಕೇಳಿದರೆ ಯೋಚನೆ ಹುಟ್ಟೀತೆಂಬ ಭಯ ಬೇಡ, ಹುಟ್ಟುವುದಿಲ್ಲ. ಭಾಷಣಕ್ಕಿಂತ, ಗುಣವಾಗಿ ಕೆಲಸಕ್ಕೆ ಮರಳಿದವರು ತಾವಾಗಿ ಒಪ್ಪಿ ಸಭೆಯಲ್ಲಿ ಮಾತಾಡಿದಾಗ ಜನರ ಕಳಂಕ ಭಾವ ಹೆಚ್ಚು ಕರಗುತ್ತದೆ ಎಂಬುದನ್ನು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ 2022ರ ಆಯೋಗವೂ ಎತ್ತಿ ಹೇಳಿದೆ.

ಆತ್ಮಹತ್ಯೆಗೆ ಯತ್ನಿಸಿದವರನ್ನು ಆಸ್ಪತ್ರೆಗೆ ತಂದವರು ಪೊಲೀಸ್ ಭಯಕ್ಕೆ ‘ಜಾರಿಬಿದ್ದರು’ ಎನ್ನುತ್ತಾರೆ. ಇದರಿಂದ ಬೆಲೆಬಾಳುವ ಗಂಟೆಗಳು ವ್ಯರ್ಥವಾಗುತ್ತವೆ. 2017ರ ಕಾಯ್ದೆಯ 115ನೇ ಕಲಮಿನ ಪ್ರಕಾರ ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ನಡೆದದ್ದನ್ನು ಇದ್ದ ಹಾಗೆ ಹೇಳಿ.

ಇನ್ನು ತಮ್ಮ ಪತ್ರಿಕೆಗೊಂದು ಕೋರಿಕೆ. ಆತ್ಮಹತ್ಯೆಯ ಸುದ್ದಿಯನ್ನು ಮುಖಪುಟದ ತಲೆಬರಹ ಮಾಡಬೇಡಿ. ವಿಧಾನ, ಪತ್ರ, ಫೋಟೋ ಬೇಡ, ‘ಪರೀಕ್ಷೆಯಲ್ಲಿ ಫೇಲಾದದ್ದಕ್ಕೆ’ ಎಂಬಂಥ ಒಂದೇ ಕಾರಣವೂ ಬೇಡ. ಅಂಥ ಪ್ರತಿ ಸುದ್ದಿಯ ಕೆಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಅಚ್ಚು ಹಾಕಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು ಎಂಬುದನ್ನು ಜೊತೆಗೇ ಬರೆಯಿರಿ. ಪರವೂರಿನಲ್ಲಿ ತನ್ನ ಭಾಷೆಯಲ್ಲಿ ಹೇಳಿಕೊಳ್ಳಬಹುದೆಂದು ತಿಳಿದರೆ ಫೋನ್ ಮಾಡುವವರು ಹೆಚ್ಚುತ್ತಾರೆ.

– ಸಮುದಾಯ ಮಾನಸಿಕ ಆರೋಗ್ಯ ಕಾರ್ಯಕರ್ತರು, ಡೊಂಬಿವಲಿ