ಸೀಟು ಸಿಕ್ಕಿದೆ, ಬಿಡುಗಡೆ ಆದೇಶ ಸಿಕ್ಕಿಲ್ಲ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ದುಡಿಯುತ್ತಿರುವ ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಡಿಪ್ಲೊಮಾ) ಓದಿದ ಶುಶ್ರೂಷಾಧಿಕಾರಿಗಳ ನಮಸ್ಕಾರ. ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗ್‌ಗೆ ಸೇರುವವರಿಗೆ ಪ್ರವೇಶದ ಕೊನೆಯ ದಿನ ಮುಗಿಯುವ ಮೊದಲೇ ಸಂಬಳ ಸಹಿತ ಬಿಡುಗಡೆ ಆದೇಶ, ಅಂದರೆ ಕೆಲಸದಿಂದ ಬಿಟ್ಟು ಓದಲು ಕಳಿಸುವ ಆದೇಶ, ಕೊಡಿ. ಮನವಿ ಕೊಟ್ಟು ಕೊಟ್ಟು ಸಾಕಾಗಿ, ಈಗ ಎಲ್ಲರೆದುರು ಕೇಳುತ್ತಿದ್ದೇವೆ.

ನಿಯಮ ತಮಗೆ ಗೊತ್ತೇ ಇದೆ. ನರ್ಸ್ ಮತ್ತು ಮಿಡ್‌ವೈಫ್ ಎಂದು ಎರಡೂ ನೋಂದಣಿ ಇದ್ದವರಿಗೆ ಇದು ಎರಡು ವರ್ಷದ ಪದವಿ. ಪರೀಕ್ಷೆಗೆ ಕೂರಲು ಪ್ರತಿ ವಿಷಯದಲ್ಲೂ ಶೇ 80 ಹಾಜರಾತಿ ಬೇಕು, ಪದವಿ ಕೈಗೆ ಬರಲು ಪ್ರಾಯೋಗಿಕದಲ್ಲಿ ಪೂರ್ತಿ ಶೇ 100. ರಾತ್ರಿ ಪಾಳಿ ಮುಗಿಸಿ, ವಾರ್ಡು ಒಪ್ಪಿಸಿ, ಹಾಗೇ ಹೋಗಿ ತರಗತಿಯಲ್ಲಿ ಕೂತು ಈ ಹಾಜರಾತಿ ತುಂಬಲು ಯಾರಿಗೂ ಆಗದು. ರಜೆ ಸಿಗದವರ ಬೆನ್ನು ಹತ್ತಿ ‘ನೀವು ಬರೋದು ಬ್ಯಾಡ, ಹಾಜರಿ ನಾವು ನೋಡ್ಕೋತೀವಿ’ ಎನ್ನುವ ದಲ್ಲಾಳಿಗಳು ಬರುತ್ತಾರೆ. ಆ ದಾರಿಯಲ್ಲಿ ಬಂದ ಪದವಿಯಿಂದ ರೋಗಿಗೆ ಕಿಂಚಿತ್ತೂ ಪ್ರಯೋಜನವಿಲ್ಲ. ನಮಗೆ ಅದು ಬೇಡ. ಬಿಡುಗಡೆ ಆದೇಶ ಬೇಕು.

ಅರ್ಜಿ ಆಡಳಿತ ವೈದ್ಯಾಧಿಕಾರಿಯಿಂದ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ, ಅಲ್ಲಿಂದ ಬೆಂಗಳೂರಿಗೆ ಹೋಗುತ್ತದೆ. ಇಲಾಖಾ ವಿಚಾರಣೆ ಬಾಕಿ ಇಲ್ಲ ಎಂಬ ದೃಢೀಕರಣ ಇಲ್ಲವೆಂದು ಒಮ್ಮೆ ವಾಪಸ್, ಸೇವಾ ಪುಸ್ತಕದ ಪ್ರತಿಗೆ ಸಹಿ ಇಲ್ಲವೆಂದು ಇನ್ನೊಮ್ಮೆ ವಾಪಸ್. ಎರಡನ್ನೂ ಮೊದಲ ದಿನವೇ ಕೇಳಬಹುದಿತ್ತಲ್ಲ? ಯಾದಗಿರಿ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯ ಸಹೋದ್ಯೋಗಿಗೆ ಸೀಟು ಸಿಕ್ಕಿತ್ತು, ಶುಲ್ಕವನ್ನೂ ಕಟ್ಟಿದ್ದರು. ಓದಲು ಇಲಾಖೆಯ ಅಡ್ಡಿಯಿಲ್ಲ ಎಂಬ ನಿರಾಕ್ಷೇಪಣಾ ಪತ್ರ ಬಂದದ್ದು ಪ್ರವೇಶ ಮುಗಿದ ಮೇಲೆ. ಕಾಲೇಜು ಸೇರಿಸಿಕೊಳ್ಳಲಿಲ್ಲ, ಕಟ್ಟಿದ ದುಡ್ಡೂ ಪೂರ್ತಿ ವಾಪಸ್ ಬರಲಿಲ್ಲ. ‘ಮುಂದಿನ ವರ್ಷ ಮತ್ತೆ ಹಾಕಿ’ ಎಂದರು ಕಚೇರಿಯಲ್ಲಿ. ಇದಕ್ಕೆ ಹೊಣೆ ಯಾರು, ಸಾಹೇಬರೇ?

ಓದಿಸಿದರೆ ಇಲಾಖೆಗೇನು ಲಾಭ ಎನ್ನುವವರು ಹೆರಿಗೆ ಕೋಣೆಗೆ ಬರಲಿ. ಬಿಪಿ ಏರಿ ಫಿಟ್ಸ್ ಬಂದ ಗರ್ಭಿಣಿಗೆ ಫಿಟ್ಸ್ ತಡೆಯಲು ಮೊದಲು ಕೊಡುವ ಮ್ಯಾಗ್ನೀಷಿಯಂ ಸಲ್ಫೇಟ್ ಒಟ್ಟು 14 ಗ್ರಾಂ. ಶೇ 50ರ ದ್ರಾವಣದ 2 ಮಿಲಿ ಆಂಪ್ಯೂಲ್‌ನಲ್ಲಿ (ಚುಚ್ಚುಮದ್ದಿನ ಪುಟ್ಟ ಗಾಜಿನ ಸೀಸೆ) ಇರುವುದು 1 ಗ್ರಾಂ. ನಾಲ್ಕು ಆಂಪ್ಯೂಲ್‌ಗೆ 12 ಮಿಲಿ ನೀರು ಬೆರೆಸಿ 20 ಮಿಲಿ ಮಾಡಿ ರಕ್ತನಾಳಕ್ಕೆ ನಿಧಾನವಾಗಿ, ಉಳಿದ ಹತ್ತು ಗ್ರಾಂ ಅನ್ನು ಎರಡೂ ಪೃಷ್ಠಗಳ ಸ್ನಾಯುವಿಗೆ ಐದೈದರಂತೆ. ನಾಲ್ಕು ತಾಸಿಗೆ ಮುಂದಿನ ಡೋಸ್ ಕೊಡುವ ಮೊದಲು ಮೊಣಕಾಲಿನ ರಿಫ್ಲೆಕ್ಸ್, ಉಸಿರು, ಮೂತ್ರ ನೋಡಬೇಕು. ಮೂತ್ರ ತಾಸಿಗೆ 30 ಮಿಲಿಗಿಂತ ಕಡಿಮೆಯಾದರೆ ಡೋಸ್ ನಿಲ್ಲಿಸಬೇಕು, ಏಕೆಂದರೆ ಮ್ಯಾಗ್ನೀಷಿಯಂ ಹೊರಹೋಗುವುದು ಮೂತ್ರಪಿಂಡದಿಂದಲೇ. ಅದು ಮೈಯಲ್ಲಿ ಉಳಿದರೆ ಮೊದಲು ರಿಫ್ಲೆಕ್ಸ್ ಹೋಗುತ್ತದೆ, ಆಮೇಲೆ ಉಸಿರು. ಅದಕ್ಕೆ ಪ್ರತಿಮದ್ದಾದ ಕ್ಯಾಲ್ಷಿಯಂ ಗ್ಲುಕೋನೇಟ್ ಕೈಗೆ ಸಿಗುವಲ್ಲಿ ಇರಲೇಬೇಕು. ಈ ಕ್ರಮವನ್ನು ಜಿಎನ್‌ಎಂನಲ್ಲೇ ಕಲಿತಿದ್ದೇವೆ. ಅದರ ಹಿಂದಿನ ಕಾರಣವನ್ನು ಜೀವರಸಾಯನಶಾಸ್ತ್ರದಿಂದ ಹಿಡಿದು ಬಿಡಿಸಿ ಹೇಳುವುದು, ಕಿರಿಯರಿಗೆ ಕಲಿಸುವುದು, ವಾರ್ಡಿನಲ್ಲಿ ಸೋಂಕು ಹೆಚ್ಚಿದರೆ ಅಂಕಿಅಂಶ ಇಟ್ಟು ಮೂಲ ಹುಡುಕುವುದು, ಇವು ಪದವಿಯ ಎರಡು ವರ್ಷದ ಪಾಠ. ಎಂಎಸ್ಸಿಗೆ ಹೋಗುವ ದಾರಿಯೂ ಅಲ್ಲಿಂದಲೇ.

ಬದಲಿ ಸಿಬ್ಬಂದಿ ಇಲ್ಲ ಎಂಬ ಒಂದೇ ಉತ್ತರ ಕೇಳಿ ಕೇಳಿ ಕಿವಿ ಸೋತಿದೆ. ಎಲ್ಲರನ್ನೂ ಒಮ್ಮೆಲೇ ಬಿಡಿ ಎಂದು ನಾವು ಕೇಳಿಲ್ಲ. ಜ್ಯೇಷ್ಠತಾ ಪಟ್ಟಿ ಪ್ರಕಟಿಸಿ ಸರದಿಯಂತೆ ಕಳಿಸಿ, ಖಾಲಿಯಾದ ಜಾಗಕ್ಕೆ ಎರಡು ವರ್ಷದ ಮಟ್ಟಿಗೆ ಗುತ್ತಿಗೆಯ ಮೇಲೆ ನೇಮಿಸಿ. ಮರಳಿ ಬಂದು ಇದೇ ಜಿಲ್ಲೆಯಲ್ಲಿ ಐದು ವರ್ಷ ಸೇವೆ ಸಲ್ಲಿಸುತ್ತೇವೆಂದು ಬಾಂಡ್ ಬರೆದುಕೊಡಲು ಸಿದ್ಧರಿದ್ದೇವೆ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371 (ಜೆ) ವಿಧಿ ಇಲ್ಲಿನ ಕಾಲೇಜುಗಳಲ್ಲಿ ನಮ್ಮವರಿಗೆ ಸೀಟು ಕಾದಿರಿಸಿದೆ. ಆ ಸೀಟಿಗೆ ಹೋಗಲು ಇಲಾಖೆಯೇ ಬಿಡದಿದ್ದರೆ ಮೀಸಲಾತಿ ಯಾರಿಗಾಗಿ? ಮೂರೂ ಜಿಲ್ಲಾ ಕೇಂದ್ರಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಪ್ರಾಯೋಗಿಕ ಕಲಿಕೆಗೆ ರೋಗಿಗಳಿಗೇನೂ ಕೊರತೆಯಿಲ್ಲ.

ಬೇಕಾದ ದಾಖಲೆಗಳ ಪಟ್ಟಿಯನ್ನು ಒಂದೇ ಸಲ ಕೊಡಿ. ಅರ್ಜಿ ಕೊಟ್ಟ 30 ದಿನದೊಳಗೆ ಹೌದು ಅಥವಾ ಇಲ್ಲ ಎಂದು ಲಿಖಿತವಾಗಿ ತಿಳಿಸಿ. ಪ್ರವೇಶದ ಕೊನೆಯ ದಿನ ಮುಗಿಯುವ ಮೊದಲೇ ಸಂಬಳ ಸಹಿತ ಬಿಡುಗಡೆ ಆದೇಶ ಕೊಡಿ. ಮುಂದಿನ ಪ್ರವೇಶ ಪ್ರಕಟಣೆ ಹೊರಡುವ ಮುಂಚೆ ಇದನ್ನೆಲ್ಲ ಹೇಳುವ ಸುತ್ತೋಲೆ ನಮ್ಮ ಆಸ್ಪತ್ರೆಗಳಿಗೆ ತಲುಪಬೇಕು.

ಇಂತಿ,
ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಜಿಎನ್‌ಎಂ ಶುಶ್ರೂಷಾಧಿಕಾರಿಗಳು