ಗ್ಯಾಸ್‌ಲೈಟಿನ ಬಿಸಿಯನ್ನ ಸುಮ್ನೆ ಮಾಡಿಗೆ ಯಾಕೆ ಬಿಡ್ಬೇಕು?

ಸಂಪಾದಕರಿಗೆ ನಮಸ್ಕಾರ,

ಮಳೆಗಾಲಕ್ಕೆ ಮುಂಚೆ ಪೇಪರ್‌ಗಳಲ್ಲಿ ಒಂದು ಪಟ್ಟಿ ಬರುತ್ತೆ, ಕರೆಂಟ್ ಹೋದ್ರೆ ಮನೇಲಿ ಏನೇನಿರ್ಬೇಕು ಅಂತ. ಈ ಸಲ ನಿಮ್ಮಲ್ಲೂ ಬಂತು. ಟಾರ್ಚು, ಪವರ್ ಬ್ಯಾಂಕು, ಮೇಣದಬತ್ತಿ, ಚಾರ್ಜಿಂಗ್ ಲ್ಯಾಂಟರ್ನು. ಎಲ್ಲಾ ಸರಿನೇ, ಆದ್ರೆ ಬರೆದವರು ಊಟದ ಹೊತ್ತಿಗೆ ಎರಡು ಗಂಟೆ ಕರೆಂಟ್ ಹೋಗೋ ಊರವರು ಅಂತ ಗೊತ್ತಾಗುತ್ತೆ. ನಮ್ಮ ತೀರ್ಥಹಳ್ಳಿ, ಹೊಸನಗರ ಕಡೆ ಜುಲೈ ಗಾಳೀಲಿ ಲೈನ್ ಮೇಲೆ ಒಂದು ಮರ ಬಿತ್ತು ಅಂದ್ರೆ ಲೈನ್‌ಮನ್ ಪಾಪ ಎಲ್ಲೆಲ್ಲಿ ಅಂತ ಓಡ್ತಾನೆ, ಒಳಗಿನ ಮನೆಗಳಿಗೆ ಮೂರ್ನಾಲ್ಕು ದಿನ ಕತ್ತಲೆ, ಧರೆ ಕುಸಿದು ರಸ್ತೆ ಬಂದಾದ್ರೆ ಸಿಲಿಂಡರ್ ಗಾಡಿನೂ ಇಲ್ಲ, ಕೊಟ್ಟಿಗೆ ಪಕ್ಕ ಇಟ್ಟ ಸೌದೆ ಥಂಡಿ ಹಿಡಿದು ಬರೀ ಹೊಗೆ. ಅಂಥಾ ಹೊತ್ತಲ್ಲಿ ಬೆಳಕಿಗಿಂತ ಬಿಸಿದೇ ದೊಡ್ಡ ತಾಪತ್ರಯ. ಮಕ್ಕಳಿಗೆ ಹಾಲು ಬಿಸಿ ಮಾಡ್ಬೇಕು, ವಯಸ್ಸಾದವರಿಗೆ ಬಿಸಿನೀರು ಬೇಕು, ಗಂಜಿನಾದ್ರೂ ಬೇಯ್ಬೇಕು. ಎಲ್‌ಇಡಿ ಲ್ಯಾಂಟರ್ನ್ ಮೇಲೆ ಪಾತ್ರೆ ಇಟ್ರೆ ಏನಾಗುತ್ತೆ ಹೇಳಿ.

ಅದಕ್ಕೇ ಹೇಳ್ತಿರೋದು, ಆ ಪಟ್ಟೀಲಿ ಗ್ಯಾಸ್‌ಲೈಟ್ ಬಿಟ್ಟುಹೋಗಿದೆ. ಪೆಟ್ರೊಮ್ಯಾಕ್ಸ್ ರೀ, ಸೀಮೆಎಣ್ಣೆಗೆ ಪಂಪ್ ಹೊಡೆದು ಉರಿಸೋ ದೀಪ, ಬಯಲಾಟದ ರಂಗಸ್ಥಳಕ್ಕೆ, ಮದುವೆ ಚಪ್ಪರಕ್ಕೆ, ಜಾತ್ರೆ ಅಂಗಡಿಗೆ ತೂಗ್ಹಾಕ್ತಿದ್ರಲ್ಲ ಅದೇ. ಹಳೇ ಮನೆಗಳ ಅಟ್ಟ ಹತ್ತಿ ಹುಡುಕಿದ್ರೆ ಈಗ್ಲೂ ಸಿಗುತ್ತೆ, ಪಂಪಿನ ವಾಷರ್ ಒಣಗಿ ಹೋಗಿರುತ್ತೆ ಅಷ್ಟೆ. ಅದನ್ನ ನಾವೆಲ್ಲ ದೀಪ ಅಂತ ಲೆಕ್ಕ ಇಟ್ಕೊಂಡಿದೀವಿ. ನಿಜವಾಗಿ ಅದೊಂದು ಒಲೆ, ಬೆಳಕು ಅಂಗಡಿಯವನು ಹಾಕೋ ಕೊಸರಿನ ಹಾಗೆ.

ಲೆಕ್ಕ ನೋಡಿ. ಒಂದು ಲೀಟರ್ ಸೀಮೆಎಣ್ಣೆ ಉರಿದ್ರೆ ಬರೋ ಶಾಖ ಸುಮಾರು 35 ಮೆಗಾಜೂಲ್, ಕರೆಂಟ್ ಬಿಲ್ಲಿನ ಭಾಷೇಲಿ ಹತ್ತತ್ರ 10 ಯೂನಿಟ್. ದೊಡ್ಡ ಸೈಜಿನ ಪೆಟ್ರೊಮ್ಯಾಕ್ಸ್, ಅಂದ್ರೆ 500 ಕ್ಯಾಂಡಲ್ ಪವರ್ ಅಂತಾರಲ್ಲ ಅದು, ಒಂದು ಲೀಟರ್ ಎಣ್ಣೇಲಿ ಹೆಚ್ಚುಕಮ್ಮಿ 8 ಗಂಟೆ ಉರಿಯುತ್ತೆ. ಗಂಟೆಗೆ 1.2 ಯೂನಿಟ್, ಅಂದ್ರೆ 1200 ವ್ಯಾಟ್. ಇಷ್ಟು ಉರಿಸಿ ನಮಗೆ ಸಿಗೋ ಬೆಳಕೆಷ್ಟು ಅಂದ್ರೆ ಈಗಿನ ಹತ್ತು ಹನ್ನೆರಡು ವ್ಯಾಟ್‌ನ ಎಲ್‌ಇಡಿ ಬಲ್ಬ್ ಕೊಡೋವಷ್ಟು. ಉಳಿದಿದ್ದೆಲ್ಲ ಬಿಸಿಯಾಗಿ ದೀಪದ ತಲೆ ಮೇಲಿನ ತಗಡಿನ ಟೊಪ್ಪಿ ದಾಟಿ ಹೆಂಚಿನ ಸಂದೀಲಿ ಹೊರಗೆ. ಪಕ್ಕದಲ್ಲೇ ಮನೆಯವರು ಹಸಿ ಸೌದೆ ಊದ್ಕೊಂಡು ಕಣ್ಣು ಕೆಂಪು ಮಾಡ್ಕೊಂಡು ಕೂತಿರ್ತಾರೆ.

ಒಳಗಿನ ಕಸುಬು ನೋಡಿದ್ರೂ ಅದು ಪಂಪ್ ಸ್ಟವ್‌ನ ಅಣ್ಣತಮ್ಮನೇ. ಪ್ರೈಮಸ್ ಸ್ಟವ್ 1892ರಲ್ಲಿ ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ಅನ್ನೋರು ಮಾಡಿದ್ದು, ಗ್ಯಾಸ್‌ಲೈಟಿನ ಮ್ಯಾಂಟಲ್, ಅಂದ್ರೆ ಉರಿಗೆ ಬೆಳ್ಳಗೆ ಹೊಳೆಯೋ ಆ ಬಲೆ ಚೀಲ, 1885ರ ಹೊತ್ತಿಗೇ ಆಸ್ಟ್ರಿಯಾದ ಔವರ್ ಫಾನ್ ವೆಲ್ಸ್‌ಬಾಕ್ ಕೈಯಲ್ಲಿ ಬಂದಿತ್ತು, ಆಮೇಲೆ 1910ರ ಆಸುಪಾಸಲ್ಲಿ ಬರ್ಲಿನ್ನಿನ ಮ್ಯಾಕ್ಸ್ ಗ್ರೇಟ್ಸ್ ಕಂಪನಿಯೋರು ಪಂಪು, ಎಣ್ಣೆ ಆವಿ ಚಿಮ್ಮೋ ಸಣ್ಣ ತೂತಿನ ನಿಪ್ಪಲ್ಲು, ಮ್ಯಾಂಟಲ್ ಎಲ್ಲಾ ಒಂದೇ ದೀಪಕ್ಕೆ ಸೇರಿಸಿ ಪೆಟ್ರೊಮ್ಯಾಕ್ಸ್ ಮಾಡಿದ್ರು. ಸ್ಟವ್‌ನಲ್ಲಿ ಎಣ್ಣೆ ಆವಿಯಾಗಿ ನೀಲಿ ಉರಿ ಬರುತ್ತೆ, ಇಲ್ಲಿ ಅದೇ ಆವಿ ಮ್ಯಾಂಟಲ್ ಒಳಗೆ ಉರಿದು ಅದನ್ನ ಬೆಳ್ಳಗೆ ಕಾಯಿಸುತ್ತೆ, ವ್ಯತ್ಯಾಸ ಅಷ್ಟೇ. ಜರ್ಮನಿಯಲ್ಲಿ ಪೆಟ್ರೊಮ್ಯಾಕ್ಸ್ ಹೆಸರಲ್ಲೇ ಈಗ್ಲೂ ದೀಪದ ತಲೆಗೆ ಕೂರಿಸೋಕೆ ಅಂತ ಅಡುಗೆಯ ಅಟ್ಯಾಚ್‌ಮೆಂಟ್ ಮಾರ್ತಾರೆ, ಅಮೆರಿಕದ ಡೀಟ್ಸ್ ಲಾಟೀನಿನಲ್ಲೂ ಮೇಲೆ ಪುಟ್ಟ ಬಾಣಲೆ ಇಡೋ ಒಂದು ಮಾಡೆಲ್ ಇದೆ. ನಮ್ಮಲ್ಲಿ ಗ್ಯಾಸ್‌ಲೈಟ್ ಅಷ್ಟೊಂದು ಓಡಾಡಿದ್ರೂ ಈ ಯೋಚನೆ ಯಾಕೆ ಬರ್ಲಿಲ್ವೋ.

ಪೂರ್ತಿ ಬರ್ಲಿಲ್ಲ ಅನ್ನೋ ಹಾಗೂ ಇಲ್ಲ. ಪಕ್ಕದ ಮಹಾರಾಷ್ಟ್ರದ ಸಾತಾರಾ ಜಿಲ್ಲೆ ಫಲ್ಟಣದಲ್ಲಿ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ಅಂತ ಇದೆ, ಅಲ್ಲಿನ ಅನಿಲ್ ರಾಜವಂಶಿ ಅವರು, 2022ರಲ್ಲಿ ಪದ್ಮಶ್ರೀ ಬಂತು ನೋಡಿ ಅವರೇ, ವರ್ಷಾನುಗಟ್ಟಲೆ ಲಾಟೀನಿನ ಮೇಲೇ ಕೆಲಸ ಮಾಡಿದ್ರು. ಅವರ ತಂಡ ಮಾಡಿದ ‘ಲ್ಯಾನ್‌ಸ್ಟವ್’ ಇದೇ ಐಡಿಯಾ. ಕೆಳಗೆ ಮ್ಯಾಂಟಲ್ ದೀಪ, ಅದರ ನೆತ್ತಿ ಮೇಲೆ ಹಬೆ ಪಾತ್ರೆ, ಗುಡಿಸಲಲ್ಲಿ ಮಕ್ಕಳು ಆ ಬೆಳಕಲ್ಲಿ ಓದ್ತಿರೋವಾಗ್ಲೇ ಮೇಲೆ ಅನ್ನ, ಬೇಳೆ, ಪಲ್ಯ ಬೇಯ್ತಾ ಇರುತ್ತೆ. ಒಂದೇ ಎಣ್ಣೇಲಿ ಎರಡು ಕೆಲಸ. ಇಷ್ಟು ಸರಳ ವಿಷಯ ಬೆಳಗಾವಿ ದಾಟಿ ಈ ಕಡೆ ಬರ್ಲೇ ಇಲ್ಲ ಅನ್ನೋದು ನನ್ನ ಹೊಟ್ಟೆಕಿಚ್ಚು.

ಇನ್ನು ಮಾಡೋದು ಹೇಗೆ ಅನ್ನೋದು. ಪಾತ್ರೇನ ನೇರವಾಗಿ ಗ್ಯಾಸ್‌ಲೈಟಿನ ಟೊಪ್ಪಿ ಮೇಲೆ ಕುಕ್ಕಬೇಡಿ. ಒಂದು, ಹೊಗೆ ಹೋಗೋ ದಾರಿ ಮುಚ್ಚಿ ದೀಪ ಮಸಿ ಕಾರೋಕೆ ಶುರು ಮಾಡುತ್ತೆ. ಎರಡು, ಉರಿದ ಮ್ಯಾಂಟಲ್ ಅಂದ್ರೆ ಬರೀ ಬೂದಿ ಗೂಡು, ಒಂದ್ಸಲ ಟಕ್ ಅಂದ್ರೆ ಉದುರಿ ಬೀಳುತ್ತೆ, ಆಮೇಲೆ ಬೆಳಕೂ ಇಲ್ಲ, ಹೊಸ ಮ್ಯಾಂಟಲ್ ತರೋಕೆ ಪೇಟೆಗೂ ಹೋಗೋಕಾಗಲ್ಲ. ಊರಿನ ವೆಲ್ಡಿಂಗ್ ಅಂಗಡೀಲಿ ಒಂದು ಎತ್ತರದ ಮುಕ್ಕಾಲಿ ಮಾಡಿಸಿ, ಕಾಲು ಮೂರೂ ನೆಲದ ಮೇಲೆ ನಿಂತಿರ್ಲಿ, ದೀಪ ಅದರ ಹೊಟ್ಟೆಯೊಳಗೆ ಬರ್ಲಿ, ಪಾತ್ರೆ ತಳಕ್ಕೂ ಟೊಪ್ಪಿಗೂ ನಡುವೆ ಮೂರ್ನಾಲ್ಕು ಬೆರಳು ಜಾಗ ಇರ್ಲಿ. ಪಾತ್ರೆ ಅಗಲ ತಳದ್ದು, ಮುಚ್ಚಳ ಕಡ್ಡಾಯ. ಕೆಳಗಿನ ಎಣ್ಣೆ ಟ್ಯಾಂಕ್ ಕೈ ಇಡೋಕಾಗದಷ್ಟು ಬಿಸಿಯಾಯ್ತು ಅಂದ್ರೆ ಬಿಸಿ ವಾಪಸ್ ಕೆಳಗಿಳೀತಿದೆ ಅಂತ ಅರ್ಥ, ತಕ್ಷಣ ಪಾತ್ರೆ ತೆಗೆದು ಟ್ಯಾಂಕಿನೊಳಗಿನ ಗಾಳಿ ಬಿಟ್ಟು ದೀಪ ಆರಿಸಿ. ಉರೀತಿರೋವಾಗ ಅಥವಾ ಬಿಸಿ ಇರೋವಾಗ ಎಣ್ಣೆ ತುಂಬಬಾರದು ಅನ್ನೋದು ನಮ್ಮಜ್ಜಿ ಕಾಲದಿಂದ್ಲೂ ಗೊತ್ತಿರೋ ವಿಷಯ, ಆದ್ರೂ ಹೇಳ್ತಿದೀನಿ. ಪೆಟ್ರೋಲ್ ಬೆರೆತ ಎಣ್ಣೆ ಅಂತೂ ಹತ್ರಾನೂ ತರಬೇಡಿ.

ಒಂದು ಲೀಟರ್ ನೀರನ್ನ 25 ಡಿಗ್ರಿಯಿಂದ ಕುದಿಸೋಕೆ 315 ಕಿಲೋಜೂಲ್ ಹತ್ತಿರ ಬೇಕು. 1200 ವ್ಯಾಟ್‌ನಲ್ಲಿ ಮೂರನೇ ಒಂದು ಭಾಗ ಪಾತ್ರೆಗೆ ಸಿಕ್ಕಿದ್ರೂ ಹದಿಮೂರು ಹದಿನಾಲ್ಕು ನಿಮಿಷದ ಕೆಲಸ. ಸಿಲಿಂಡರ್ ಒಲೆಗಿಂತ ನಿಧಾನ, ಒಪ್ತೀನಿ. ಆದ್ರೆ ಅನ್ನಕ್ಕೆ ಪೂರ್ತಿ ಹೊತ್ತು ಉರಿ ಬೇಡ ಅನ್ನೋದು ಮಂಗಳೂರು ಕಡೆಯವರನ್ನ ಕೇಳಿದ್ರೆ ಗೊತ್ತಾಗುತ್ತೆ, ಅವರು ಕುಚ್ಚಲಕ್ಕಿನ ಒಂದು ಕುದಿ ಬರ್ಸಿ ಬಿಸಿ ಆರದ ಹಾಗೆ ಹಿಡಿದಿಡೋ ಥರ್ಮಲ್ ಕುಕ್ಕರ್ ಒಳಗಿಟ್ಟು ಮಲಗಿಬಿಡ್ತಾರೆ. ಥರ್ಮಲ್ ಕುಕ್ಕರ್ ಇಲ್ದಿದ್ರೆ ಹಳೇ ಮರದ ಪೆಟ್ಟಿಗೆಗೆ ಒಣ ಹುಲ್ಲು ಒತ್ತಿ ತುಂಬಿ, ನಡುವೆ ಪಾತ್ರೆ ಕೂರೋ ಗುಳಿ ಮಾಡಿ, ಮೇಲೊಂದು ಗೋಣಿಚೀಲದ ದಿಂಬು. ಬೆಳ್ತಿಗೆ ಅಕ್ಕೀನ ಅರ್ಧ ಗಂಟೆ ನೆನೆಸಿ, ಗ್ಯಾಸ್‌ಲೈಟ್ ಮೇಲೆ ಚೆನ್ನಾಗಿ ಕುದಿ ಬಂದು ಐದು ನಿಮಿಷ ಆದ್ಮೇಲೆ ಈ ಪೆಟ್ಟಿಗೆಗೆ ಇಳಿಸಿದ್ರೆ ಗಂಟೆಯೊಳಗೆ ಅನ್ನ ಹದಕ್ಕೆ ಬಂದಿರುತ್ತೆ, ಅಷ್ಟೊತ್ತಿಗೆ ದೀಪದ ಮೇಲೆ ಸಾರು. ಪೆಟ್ಟಿಗೆ ಮುಚ್ಚಳ ನಡುನಡುವೆ ತೆಗೆದು ನೋಡೋ ಚಟ ಇರೋರಿಗೆ ಮಾತ್ರ ಇದು ಆಗಲ್ಲ, ನಮ್ಮನೇಲೂ ಅಂಥವರಿದ್ದಾರೆ, ಹೆಸರು ಹೇಳಲ್ಲ.

ಸಾಮಾನ್ಯ ಲಾಟೀನು, ಅಂದ್ರೆ ಬತ್ತಿ, ಗಾಜಿನ ಬುರುಡೆ ಇರೋದು, ನಿಮ್ಮ ಉತ್ತರ ಕರ್ನಾಟಕದ ಓದುಗರು ಕಂದೀಲು ಅಂತಾರಲ್ಲ, ಅದರ ಮೇಲೆ ಅಡುಗೆ ಮಾಡ್ತೀನಿ ಅಂತ ಹೊರಡೋದು ದಂಡ. ಗಂಟೆಗೆ 25 ಎಂಎಲ್ ಆಸುಪಾಸು ಎಣ್ಣೆ ಕುಡಿಯೋ ದೀಪ ಅದು, ಲೆಕ್ಕಕ್ಕೆ 240 ವ್ಯಾಟ್, ಪಾತ್ರೆಗೆ ಸಿಗೋದು ಅರವತ್ತೋ ಎಪ್ಪತ್ತೋ. ಒಂದು ಲೀಟರ್ ನೀರು ಕಾಯ್ತಾ ಕಾಯ್ತಾ ಅಲ್ಲೇ ಆರ್ತಾನೂ ಇರುತ್ತೆ, ಕುದಿ ಬರಲ್ಲ. ಆದ್ರೆ ಅರ್ಧ ಲೋಟ ಹಾಲು ಉಗುರುಬೆಚ್ಚಗೆ ಮಾಡೋಕೆ ಐದಾರು ನಿಮಿಷ ಸಾಕು. ಮಳೆಗೆ ಮೆತ್ತಗಾದ ಬೆಂಕಿಪೊಟ್ಟಣ ಪಕ್ಕದಲ್ಲಿಟ್ರೆ ಕಡ್ಡಿ ಗರಿಗರಿ. ದೊಡ್ಡಪತ್ರೆ ಎಲೆನ ಅದರ ತಗಡಿನ ನೆತ್ತಿ ಮೇಲೆ ಹರವಿದ್ರೆ ಚುಯ್ ಅನ್ನಲ್ಲ, ಸದ್ದಿಲ್ದೆ ಬಾಡಿ ಬಣ್ಣ ತಿರುಗುತ್ತೆ, ಹಿಂಡಿದ್ರೆ ರಸ ಸಲೀಸಾಗಿ ಬರುತ್ತೆ, ಕೆಂಡದ ಮೇಲಾದ್ರೆ ಅಂಚು ಸುಟ್ಟು ಅರ್ಧ ರಸ ಅಲ್ಲೇ ಹೋಗುತ್ತೆ. ಕಿವಿ ನೋವಿಗೆ, ಹೊಟ್ಟೆ ನೋವಿಗೆ ಶಾಖ ಕೊಡೋ ಬಟ್ಟೆ ಬಿಸಿ ಮಾಡ್ಕೊಳ್ಳೋಕೂ ಇದೇ ತಗಡು, ಮೊದ್ಲು ನಿಮ್ಮ ಮುಂಗೈ ಹಿಂಬದಿಗೆ ಮುಟ್ಟಿಸಿ ನೋಡಿ ಆಮೇಲೆ ಮಗುಗೆ.

ಕೋಳಿಮರಿ ಸಾಕೋರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಮೊದಲ ವಾರ ಮರಿಗಳಿಗೆ ಸುಮಾರು 35 ಡಿಗ್ರಿ ಬೇಕು, ಕರೆಂಟ್ ಇದ್ರೆ ಬಲ್ಬ್ ಹಾಕ್ತಾರೆ, ಇಲ್ದಿದ್ರೆ ಲಾಟೀನು. ಸುತ್ತ ತಂತಿ ಬಲೆ ಕಟ್ಟಿ ನಡುವೆ ಲಾಟೀನು, ಮರಿಯಾಗ್ಲಿ ಗೋಣಿಯಾಗ್ಲಿ ತಾಗದ ಹಾಗೆ. ಥರ್ಮಾಮೀಟರ್ ಬೇಡ, ಮರಿಗಳನ್ನ ನೋಡಿದ್ರೆ ಸಾಕು. ಒಂದರ ಮೇಲೊಂದು ಬಿದ್ದು ದೀಪದ ಹತ್ರ ಒತ್ತಿಕೊಂಡಿದ್ರೆ ಚಳಿ, ಬತ್ತಿ ಸ್ವಲ್ಪ ಏರಿಸಿ. ಬಾಯಿ ಬಿಟ್ಕೊಂಡು ಮೂಲೆಗೆ ಓಡಿದ್ರೆ ಸೆಖೆ, ಇಳಿಸಿ. ಸುತ್ತ ಹರಡಿ ಕಾಳು ಹೆಕ್ತಿದ್ರೆ ಹದ ಸರಿ ಇದೆ.

ಕೋಣೆ ಬೆಚ್ಚಗಿಡೋ ವಿಷಯಕ್ಕೆ ಬಂದ್ರೆ ನನಗೆ ಅಷ್ಟು ಉತ್ಸಾಹ ಇಲ್ಲ. 1200 ವ್ಯಾಟ್ ಅಂದ್ರೆ ಒಂದು ಸಣ್ಣ ರೂಮ್ ಹೀಟರ್‌ನಷ್ಟೇ ಬಿಸಿ, ಕೋಣೆ ಬೆಚ್ಚಗಾಗೋದು ನಿಜ. ಆದ್ರೆ ಒಂದು ಲೀಟರ್ ಸೀಮೆಎಣ್ಣೆ ಉರಿದ್ರೆ ಹುಟ್ಟೋ ಆವಿನೂ ಹತ್ತತ್ರ ಒಂದು ಲೀಟರ್ ನೀರಿನಷ್ಟು. ಹಾಗಾಗಿ ಜುಲೈನಲ್ಲಿ ಬಾಗಿಲು ಹಾಕ್ಕೊಂಡು ಗ್ಯಾಸ್‌ಲೈಟ್ ಉರಿಸಿ ಬಟ್ಟೆ ಒಣಗ್ಲಿ ಅಂತ ಕಾದ್ರೆ ಗೋಡೆ ಬೆವರುತ್ತೆ, ಬಟ್ಟೆ ಹಾಗೇ ಇರುತ್ತೆ. ಅದಕ್ಕಿಂತ ದೊಡ್ಡದು, ಆ ಒಂದು ಲೀಟರ್‌ಗೆ ಸುಮಾರು ಹತ್ತು ಘನ ಮೀಟರ್ ಗಾಳಿ ಬೇಕು, ಅಂದ್ರೆ ಒಂದು ಸಣ್ಣ ಕೋಣೆಯ ಅರ್ಧ ಗಾಳಿ. ಗಾಳಿ ಕಮ್ಮಿಯಾದ್ರೆ ಕಾರ್ಬನ್ ಮಾನಾಕ್ಸೈಡ್, ಅದಕ್ಕೆ ವಾಸನೆ ಇಲ್ಲ ಬಣ್ಣ ಇಲ್ಲ, ತಲೆ ನೋಯ್ತಿದೆ ಅಂತ ಮಲಗಿದೋರು ಬೆಳಿಗ್ಗೆ ಏಳಲ್ಲ. ಚಳೀಲಿ ಇದ್ದಿಲ ಕೆಂಡ ಒಳಗಿಟ್ಕೊಂಡು ಮಲಗಿ ಸತ್ತವರ ಸುದ್ದಿ ನಿಮ್ಮ ಪೇಪರ್‌ನಲ್ಲೇ ಎಷ್ಟು ಸಲ ಬಂದಿಲ್ಲ? ಹೀಗಾಗಿ ಎದುರುಬದುರು ಎರಡು ಕಿಟಕಿ ಸ್ವಲ್ಪ ತೆಗೆದಿರ್ಲಿ, ಮಲಗೋ ಮುಂಚೆ ದೀಪ ಆರಿಸಿ. ಇದೊಂದು ವಿಷಯದಲ್ಲಿ ನಾನು ಯಾರ ವಾದನೂ ಕೇಳಲ್ಲ.

ದೀಪದ ಬಿಸಿ ಬಳಸೋದು ಹೊಸ ಹುಚ್ಚೇನೂ ಅಲ್ಲ ಬಿಡಿ. ಉತ್ತರ ಧ್ರುವದ ಕಡೆ ಇರೋ ಇನ್ಯೂಟ್ ಜನ ಮೆದು ಕಲ್ಲಿನ ‘ಕುಲ್ಲಿಕ್’ ದೀಪಕ್ಕೆ ಸೀಲ್ ಕೊಬ್ಬು ಹಾಕಿ ಅದರಲ್ಲೇ ಬೆಳಕು, ಅದರಲ್ಲೇ ಅಡುಗೆ, ಹಿಮ ಕರಗಿಸಿ ಕುಡಿಯೋ ನೀರು, ಒದ್ದೆ ಬಟ್ಟೆ ಒಣಗಿಸೋದು ಎಲ್ಲಾ ಮಾಡ್ಕೊಂಡು ಬಂದೋರು, ಕೆನಡಾದ ನುನಾವುಟ್ ಪ್ರಾಂತ್ಯದ ಲಾಂಛನದಲ್ಲೂ ಆ ದೀಪ ಇದೆ. ಸೋವಿಯತ್ ರಷ್ಯಾದೋರು 1950ರ ದಶಕದಲ್ಲಿ ಇನ್ನೂ ಮುಂದೆ ಹೋಗಿ ಸೀಮೆಎಣ್ಣೆ ದೀಪದ ನೆತ್ತಿಗೆ ತಗಡಿನ ರೆಕ್ಕೆಗಳ ಜನರೇಟರ್ ಕೂರಿಸಿ ಆ ಬಿಸೀಲೇ ರೇಡಿಯೋ ಓಡಿಸಿದ್ರು, ಕರೆಂಟ್ ಇಲ್ಲದ ಹಳ್ಳಿಗಳಿಗೆ.

ದಿನಾ ಸೀಮೆಎಣ್ಣೆ ಉರಿಸಿ ಅಂತ ನಾನು ಹೇಳ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಮನೆಯೊಳಗೆ ಸೀಮೆಎಣ್ಣೆ ಬೇಡ ಅಂತ ಹೇಳಿದೆ, ಹೊಗೆ, ಮಕ್ಕಳು ಕುಡಿದುಬಿಡೋದು, ಸುಟ್ಟಗಾಯ ಎಲ್ಲಾ ನಿಜ. ಮಾಮೂಲಿ ದಿನಕ್ಕೆ ಸಿಲಿಂಡರ್ರೇ ಸರಿ, ಬೆಳಕಿಗೆ ಸೋಲಾರೇ ಸರಿ. ನಾನು ಕೇಳ್ತಿರೋದು ರಸ್ತೆ, ಕರೆಂಟು, ಸಿಲಿಂಡರ್ ಮೂರೂ ಒಟ್ಟಿಗೆ ಕೈಕೊಡೋ ಆ ಕೆಲವು ದಿನದ ಬಗ್ಗೆ. 2018ರ ಆಗಸ್ಟಿನಲ್ಲಿ ಕೊಡಗಲ್ಲಿ ಗುಡ್ಡ ಕುಸಿದಾಗ ಎಷ್ಟೋ ಊರಿಗೆ ದಾರಿನೇ ಇರ್ಲಿಲ್ಲ ಅನ್ನೋದು ಎಲ್ಲರಿಗೂ ನೆನಪಿದೆ.

ಈಗ ಅಡ್ಡಿ ಇರೋದು ಎಣ್ಣೇದು. ನಮ್ಮ ಕಡೆ ರೇಷನ್ ಅಂಗಡೀಲಿ ಸೀಮೆಎಣ್ಣೆ ಕಂಡು ಎಷ್ಟೋ ಕಾಲ ಆಯ್ತು. ಕರಾವಳಿಯ ನಾಡದೋಣಿ ಮೀನುಗಾರರಿಗೆ ಇಂಜಿನ್ ಓಡಿಸೋಕೆ ಅಂತ ಸೀಮೆಎಣ್ಣೆ ಕೊಡೋ ವ್ಯವಸ್ಥೆ ಇದೆ, ಕೊಡ್ಲಿ, ಅವರಿಗೆ ಬೇಕು. ಹಾಗೇ ಮಲೆನಾಡು, ಕೊಡಗಿನ ಒಳಗಿನ ಪಂಚಾಯ್ತಿಗಳಿಗೂ ಮಳೆಗಾಲಕ್ಕೆ ಮಾತ್ರ ಮನೆಗೆ ಐದು ಲೀಟರ್‌ನಂತೆ ಕೊಡೋ ಹಾಗೆ ಸಹಕಾರ ಸಂಘದ ಗೋದಾಮಲ್ಲಿ ದಾಸ್ತಾನು ಇಡೋಕೆ ಏನು ಕಷ್ಟ? ಉಚಿತವಾಗೇನೂ ಬೇಡ, ದುಡ್ಡು ಕೊಟ್ಟೇ ತಗೋತೀವಿ. ಜೊತೆಗೆ ವಾಷರ್, ನಿಪ್ಪಲ್, ಮ್ಯಾಂಟಲ್ ಕೂಡ ಅಲ್ಲೇ ಸಿಗ್ಲಿ. ಇಂಜಿನಿಯರಿಂಗ್ ಕಾಲೇಜಿನ ಮಕ್ಕಳು ಪ್ರಾಜೆಕ್ಟ್ ಅಂತ ಪ್ರತಿ ವರ್ಷ ಅದೇ ಲೈನ್ ನೋಡ್ಕೊಂಡು ಓಡೋ ರೋಬಾಟ್ ಮಾಡ್ತಾರೆ, ಅದರ ಬದ್ಲು ಗ್ಯಾಸ್‌ಲೈಟಿಗೆ ಕೂರೋ ಒಂದು ಗಟ್ಟಿ ಮುಕ್ಕಾಲಿ, ಹಬೆ ಪಾತ್ರೆ ಡಿಸೈನ್ ಮಾಡಿ ಕೊಡ್ಲಿ, ಪರೀಕ್ಷೆ ಮಾಡೋಕೆ ನಮ್ಮೂರಿಗೇ ಬರ್ಲಿ, ಊಟ ಹಾಕ್ತೀವಿ. ಆಹಾರ ಇಲಾಖೆ, ತಹಶೀಲ್ದಾರರು ದಾಸ್ತಾನಿನ ಕೆಲಸನ ಮೇ ಮುಗಿಯೋದ್ರೊಳಗೆ ಮಾಡ್ಬೇಕು, ಘಾಟಿ ಕುಸಿದ್ಮೇಲೆ ಆರ್ಡರ್ ಹೊರಡಿಸಿದ್ರೆ ಟ್ಯಾಂಕರ್ ಹತ್ತಿ ಬರೋದಾದ್ರೂ ಎಲ್ಲಿಂದ?

ಇಂತಿ,
ನಿಮ್ಮ ಓದುಗ, ತೀರ್ಥಹಳ್ಳಿ ತಾಲ್ಲೂಕು