ತೆರಿಗೆ ಕಡಿತಕ್ಕೆ ಬೆಲೆ ತೆತ್ತ ಶ್ರೀಲಂಕಾ

ಮಾನ್ಯ ಸಂಪಾದಕರೇ,

ಶ್ರೀಲಂಕಾ ದಿವಾಳಿಯಾದದ್ದು ಚೀನಾದ ಸಾಲದಿಂದ ಎಂಬ ಮಾತು ನಮ್ಮಲ್ಲಿ ಪದೇ ಪದೇ ಕೇಳಿಬರುತ್ತದೆ. ಆದರೆ ಆ ದೇಶದ ವಿದೇಶಿ ಸಾಲದಲ್ಲಿ ಚೀನಾದ ಪಾಲಿಗಿಂತ ಹೂಡಿಕೆದಾರರಿಗೆ ಮಾರಿದ ಸಾಲಪತ್ರಗಳಾದ ಅಂತರರಾಷ್ಟ್ರೀಯ ಬಾಂಡ್‌ಗಳ ಪಾಲೇ ದೊಡ್ಡದಿತ್ತು. ಅದಕ್ಕಿಂತ ಮುಖ್ಯವಾಗಿ, 2019ರ ಕೊನೆಯಲ್ಲಿ ಗೊಟಬಯ ರಾಜಪಕ್ಸ ಸರ್ಕಾರವು ಮೌಲ್ಯವರ್ಧಿತ ತೆರಿಗೆಯನ್ನು ಶೇ 15ರಿಂದ ಶೇ 8ಕ್ಕೆ ಇಳಿಸಿ, ವ್ಯಾಪಾರಿಗಳು ಆ ತೆರಿಗೆಗೆ ನೋಂದಾಯಿಸಲೇಬೇಕಾದ ವಾರ್ಷಿಕ ವಹಿವಾಟಿನ ಮಿತಿಯನ್ನು 1.2 ಕೋಟಿ ಶ್ರೀಲಂಕಾ ರೂಪಾಯಿಯಿಂದ ಏಕಾಏಕಿ 30 ಕೋಟಿ ರೂಪಾಯಿಗೆ ಏರಿಸಿ, ತನ್ನ ಬೊಕ್ಕಸವನ್ನು ತಾನೇ ಬರಿದು ಮಾಡಿಕೊಂಡಿತು. ಬೆನ್ನಲ್ಲೇ ಕೋವಿಡ್ ಬಂದು ಪ್ರವಾಸೋದ್ಯಮದ ಡಾಲರ್ ಗಳಿಕೆ ಕುಸಿಯಿತು. ಬೊಕ್ಕಸದ ಕೊರತೆ ತುಂಬಲು ಕೇಂದ್ರ ಬ್ಯಾಂಕ್ ನೋಟು ಮುದ್ರಿಸಿತು. 2022ರ ಏಪ್ರಿಲ್‌ನಲ್ಲಿ ವಿದೇಶಿ ಸಾಲದ ಮರುಪಾವತಿಯೇ ನಿಂತಿತು.

ಆ ಹೊತ್ತಿಗಾಗಲೇ ಕಾಗದವಿಲ್ಲದೆ ಶಾಲಾ ಪರೀಕ್ಷೆಗಳು ಮುಂದಕ್ಕೆ ಹೋಗಿದ್ದವು. ಸೀಮೆಎಣ್ಣೆಗಾಗಿ ಹೆಂಗಸರು ಖಾಲಿ ಕ್ಯಾನುಗಳನ್ನು ಸಾಲಾಗಿಟ್ಟು ಬಿಸಿಲಲ್ಲಿ ಗಂಟೆಗಟ್ಟಲೆ ಕಾದಿದ್ದರು. 2023ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಸುಮಾರು 300 ಕೋಟಿ ಡಾಲರ್ ನೆರವಿಗೆ ಒಪ್ಪಿತು. 2024ರ ಜನವರಿಯಲ್ಲಿ ಅದೇ ತೆರಿಗೆ ಶೇ 18ಕ್ಕೆ ಏರಿತು. ಕಡಿತದ ದೊಡ್ಡ ಲಾಭ ಉಂಡವರು ಉಳ್ಳವರು. ಏರಿಕೆಯ ಹೊರೆಯಾದರೋ ಕೂಲಿಯವರ ದಿನಸಿ ಚೀಟಿಯ ಮೇಲೂ ಬಿದ್ದಿದೆ. ನಮ್ಮ ಪತ್ರಿಕೆಗಳು ನೆರೆಯ ದೇಶದ ಸಾಲದ ಬಗ್ಗೆ ಬರೆಯುವಾಗ ಈ ಅನ್ಯಾಯವನ್ನೂ ದಾಖಲಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಅರ್ಥಶಾಸ್ತ್ರ ಉಪನ್ಯಾಸಕ, ಧಾರವಾಡ